ಸದಸ್ಯರ ಸಂಖ್ಯೆಯೋ, ಸದಸ್ಯರ ಪಾಲೋ?
ಅಮೆರಿಕದ ಕಾಲೇಜು ಫುಟ್‌ಬಾಲ್ ಒಕ್ಕೂಟಗಳ ವಿಸ್ತರಣೆ ಕಲಿಸುವ ಲೆಕ್ಕ

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಗೆ 2023ರ ಆಗಸ್ಟ್ 4ರಂದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಒಂದು ನಿದರ್ಶನ ದೊರೆಯಿತು. ತನ್ನ ಮೂಲವನ್ನು 1915ರವರೆಗೆ ಗುರುತಿಸಿಕೊಳ್ಳುವ ಪ್ಯಾಕ್-12 ಎಂಬ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟದಿಂದ ಆ ಒಂದೇ ದಿನ ಐದು ಸದಸ್ಯ ಸಂಸ್ಥೆಗಳು ಹೊರನಡೆದವು. ಮೂರು ಸಂಸ್ಥೆಗಳು ಅದಕ್ಕೆ ಮೊದಲೇ ತಮ್ಮ ನಿರ್ಗಮನವನ್ನು ಪ್ರಕಟಿಸಿದ್ದವು. ತಿಂಗಳು ತುಂಬುವಷ್ಟರಲ್ಲಿ ಇನ್ನೆರಡು ಹೊರಟವು. ಹನ್ನೆರಡು ಸದಸ್ಯರ ಮನೆಯಲ್ಲಿ ಉಳಿದವರು ಇಬ್ಬರೇ: ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯಗಳು.

ಈ ಇಬ್ಬರೂ ಯಾವ ತಪ್ಪನ್ನೂ ಮಾಡಿರಲಿಲ್ಲ, ಯಾವ ಬಾಕಿಯನ್ನೂ ಉಳಿಸಿಕೊಂಡಿರಲಿಲ್ಲ. ಅವರ ಊರುಗಳು ಚಿಕ್ಕವು, ಅವರಿರುವ ಪ್ರದೇಶದಲ್ಲಿ ದೂರದರ್ಶನ ವೀಕ್ಷಕರ ಸಂಖ್ಯೆ ಕಡಿಮೆ. ಅಷ್ಟೇ ಅವರ ದೋಷ. ಆಟದ ಸುದ್ದಿಗೆ ವಾಣಿಜ್ಯ ಪತ್ರಿಕೆಯಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಆದರೆ ಇದು ಆಟಕ್ಕಿಂತ ಹೆಚ್ಚಾಗಿ ವ್ಯಾಪಾರದ ಕಥೆ. ಹಲವು ಉತ್ಪಾದಕರು ಒಂದಾಗಿ, ತಮ್ಮ ಸರಕನ್ನು ಒಟ್ಟಿಗೆ ಮಾರಿ, ಬಂದುದನ್ನು ಹಂಚಿಕೊಳ್ಳುವ ವ್ಯವಸ್ಥೆಗೆ ಹೊಸ ಸದಸ್ಯರನ್ನು ಸೇರಿಸಿಕೊಂಡಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಇಷ್ಟು ವಿಪುಲವಾದ ದಾಖಲೆ ಬೇರೆಡೆ ಸಿಗುವುದು ವಿರಳ. ಯಾವುದೇ ವರ್ತಕರ ಸಂಘದಲ್ಲಾಗಲಿ, ಕೈಗಾರಿಕಾ ವಸಾಹತಿನ ಸಂಘದಲ್ಲಾಗಲಿ ಸದಸ್ಯರಾಗಿರುವವರಿಗೆ ಇದರಲ್ಲಿ ತಿಳಿಯಬೇಕಾದುದು ಬಹಳವಿದೆ.

ಒಕ್ಕೂಟವೆಂದರೇನು?

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. 1869ರ ನವೆಂಬರ್ 6ರಂದು ನ್ಯೂ ಜೆರ್ಸಿಯ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಅದರ ಮೊದಲ ಅಂತರ್ ಕಾಲೇಜು ಪಂದ್ಯ ನಡೆಯಿತೆಂದು ಪರಿಗಣಿಸಲಾಗಿದೆ. ಆಟ ಬೆಳೆದಂತೆ ನಿಯಮಗಳ ಬಗ್ಗೆ ತಕರಾರುಗಳೂ ಬೆಳೆದವು. 1895ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಅವರು ಷಿಕಾಗೊದ ಹೋಟೆಲೊಂದರಲ್ಲಿ ನೆರೆಯ ವಿಶ್ವವಿದ್ಯಾಲಯಗಳ ಮುಖ್ಯಸ್ಥರ ಸಭೆ ಕರೆದರು. ಮರುವರ್ಷ ಏಳು ಸದಸ್ಯರೊಡನೆ ಸ್ಥಾಪನೆಯಾದ ಆ ಒಕ್ಕೂಟವೇ ಇಂದಿನ ಬಿಗ್ ಟೆನ್. ನಿಯಮಪಾಲನೆ, ರೈಲಿನಲ್ಲಿ ಹೋಗಿ ಬರಬಹುದಾದಷ್ಟು ದೂರ, ನೆರೆಹೊರೆಯ ಸ್ಪರ್ಧೆ: ಆ ಕಾಲದ ಒಕ್ಕೂಟಗಳನ್ನು ಹಿಡಿದಿಟ್ಟಿದ್ದ ಬಂಧಗಳು ಇವೇ.

ಹಣದ ಬಂಧ ಬಂದದ್ದು ಬಹಳ ಕಾಲದ ನಂತರ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ, ಯಾವ ತಂಡದ ಪಂದ್ಯ ಎಷ್ಟು ಬಾರಿ ದೂರದರ್ಶನದಲ್ಲಿ ಪ್ರಸಾರವಾಗಬೇಕೆಂಬುದನ್ನು ತಾನೇ ನಿರ್ಧರಿಸುತ್ತಿತ್ತು. ಇದನ್ನು ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. 1984ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 7–2 ಬಹುಮತದಿಂದ ಈ ನಿಯಂತ್ರಣವು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಒಬ್ಬನೇ ಮಾರಾಟಗಾರನಿದ್ದ ಪೇಟೆಗೆ ಹಲವರು ಮಾರಾಟಗಾರರು ಬಂದರು. ಸರಕು ಹೆಚ್ಚಿದ್ದರಿಂದ ಮೊದಲು ಬೆಲೆ ಇಳಿಯಿತು. ಆಗ, ಕೂಡಿ ಮಾರಿದರೆ ಮಾತ್ರ ಒಳ್ಳೆಯ ಬೆಲೆ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಯಾರೊಡನೆ ಕೂಡಬೇಕು ಎಂಬ ಪ್ರಶ್ನೆ ಅಲ್ಲಿಂದ ಪ್ರಾರಂಭ.

ಹನ್ನೆರಡರ ಲಾಭ, ಹದಿನಾರರ ನಷ್ಟ

ವಿಸ್ತರಣೆಯಿಂದ ನಿಜವಾದ ಲಾಭ ಹೇಗೆ ಹುಟ್ಟುತ್ತದೆಂಬುದಕ್ಕೆ ದಕ್ಷಿಣ ರಾಜ್ಯಗಳ ಸೌತ್‌ಈಸ್ಟರ್ನ್ ಒಕ್ಕೂಟ ಉತ್ತಮ ಉದಾಹರಣೆ. ಹನ್ನೆರಡು ಅಥವಾ ಹೆಚ್ಚು ಸದಸ್ಯರಿರುವ ಒಕ್ಕೂಟವು ಎರಡು ವಿಭಾಗಗಳಾಗಿ ಆಡಿ, ವಿಭಾಗಗಳ ವಿಜೇತರ ನಡುವೆ ಒಂದು ಹೆಚ್ಚುವರಿ ಅಂತಿಮ ಪಂದ್ಯ ನಡೆಸಬಹುದೆಂಬ ನಿಯಮವೊಂದು ಎನ್‌ಸಿಎಎಯ ಪುಸ್ತಕದಲ್ಲಿತ್ತು. ಪ್ರಮುಖ ಒಕ್ಕೂಟಗಳಲ್ಲಿ ಅದನ್ನು ಯಾರೂ ಬಳಸಿರಲಿಲ್ಲ. ಹತ್ತು ಸದಸ್ಯರಿದ್ದ ಈ ಒಕ್ಕೂಟವು ಆರ್ಕನ್ಸಾ ಮತ್ತು ಸೌತ್ ಕ್ಯಾರೊಲಿನ ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಂಡು, ಆಯುಕ್ತ ರಾಯ್ ಕ್ರೇಮರ್ ಅವರ ನೇತೃತ್ವದಲ್ಲಿ 1992ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಅಂತಹ ಪಂದ್ಯವನ್ನು ಏರ್ಪಡಿಸಿತು. ಅಲಬಾಮ ತಂಡವು ಫ್ಲಾರಿಡ ತಂಡವನ್ನು 28–21ರಿಂದ ಸೋಲಿಸಿತು. ಇಲ್ಲಿ ಹೊಸ ಸದಸ್ಯರು ಬಂದದ್ದರಿಂದ ಹಿಂದೆ ಇಲ್ಲದಿದ್ದ ಒಂದು ಹೊಸ ಸರಕೇ ಮಾರುಕಟ್ಟೆಗೆ ಬಂದಿತು. ಉಳಿದ ಒಕ್ಕೂಟಗಳೂ ಇದೇ ಮಾರ್ಗ ಹಿಡಿದವು.

ಹನ್ನೆರಡು ಒಳ್ಳೆಯದಾದರೆ ಹದಿನಾರು ಇನ್ನೂ ಒಳ್ಳೆಯದೆಂದು ಭಾವಿಸಿದ್ದು ವೆಸ್ಟರ್ನ್ ಅಥ್ಲೆಟಿಕ್ ಒಕ್ಕೂಟ. 1996ರಲ್ಲಿ ಅದು ಹತ್ತರಿಂದ ಹದಿನಾರು ಸದಸ್ಯರಿಗೆ ಏರಿತು. ಆ ವರ್ಷವಷ್ಟೇ ಮುಚ್ಚಿಹೋದ ಟೆಕ್ಸಸ್‌ನ ಹಳೆಯ ಸೌತ್‌ವೆಸ್ಟ್ ಒಕ್ಕೂಟದಲ್ಲಿ ನೆಲೆ ಕಳೆದುಕೊಂಡಿದ್ದ ಮೂರು ಸಂಸ್ಥೆಗಳು ಆ ಆರು ಹೊಸಬರಲ್ಲಿ ಸೇರಿದ್ದವು. ಹವಾಯಿ ದ್ವೀಪದಿಂದ ಒಕ್ಲಹೋಮದವರೆಗೆ ಹರಡಿದ ಈ ಒಕ್ಕೂಟವನ್ನು ನಾಲ್ಕು ನಾಲ್ಕರ ಗುಂಪುಗಳಾಗಿ ವಿಂಗಡಿಸಿ, ಗುಂಪುಗಳನ್ನು ಆಗಾಗ ಬದಲಾಯಿಸುವ ಏರ್ಪಾಡು ಮಾಡಲಾಯಿತು. ಪರಿಣಾಮವಾಗಿ ಹಳೆಯ ನೆರೆಹೊರೆಯ ಪೈಪೋಟಿಗಳು ತಪ್ಪಿಹೋದವು. ಪ್ರಯಾಣ ವೆಚ್ಚ ಏರಿತು. ಆದಾಯ ಅದಕ್ಕೆ ತಕ್ಕಂತೆ ಏರಲಿಲ್ಲ. 1998ರಲ್ಲಿ ಐದು ಸದಸ್ಯರ ಮುಖ್ಯಸ್ಥರು ಡೆನ್ವರ್ ವಿಮಾನ ನಿಲ್ದಾಣದಲ್ಲಿ ಸಭೆ ಸೇರಿ ಹೊರಹೋಗಲು ನಿರ್ಧರಿಸಿದರು. 1999ರಲ್ಲಿ ಅವರು ಮೌಂಟನ್ ವೆಸ್ಟ್ ಎಂಬ ತಮ್ಮದೇ ಒಕ್ಕೂಟ ಕಟ್ಟಿದರು. ಹಳೆಯ ಒಕ್ಕೂಟ ಸೊರಗುತ್ತ ಹೋಗಿ, 2012ರ ಋತುವಿನ ನಂತರ ಫುಟ್‌ಬಾಲನ್ನೇ ಕೈಬಿಟ್ಟಿತು.

ಪಾಲಿನ ಲೆಕ್ಕ

ಎರಡೂ ಉದಾಹರಣೆಗಳ ನಡುವಿನ ಅಂತರವನ್ನು ಸರಳ ಲೆಕ್ಕದಲ್ಲಿ ಹೇಳಬಹುದು. ಹತ್ತು ಸದಸ್ಯರ ಒಕ್ಕೂಟವೊಂದಕ್ಕೆ ವರ್ಷಕ್ಕೆ 100 ಕೋಟಿ ಬರುತ್ತಿದೆ ಎಂದಿಟ್ಟುಕೊಳ್ಳೋಣ. ತಲೆಗೆ 10 ಕೋಟಿ. ಇನ್ನಿಬ್ಬರು ಸೇರಿದ ಮೇಲೆ ಆದಾಯ 110 ಕೋಟಿಗೆ ಏರಿದರೆ ಪತ್ರಿಕೆಗಳಲ್ಲಿ 'ಶೇಕಡ 10ರ ಪ್ರಗತಿ' ಎಂದು ಪ್ರಕಟವಾಗುತ್ತದೆ. ಆದರೆ ತಲೆಗೆ ಸಿಗುವುದು 9.17 ಕೋಟಿ ಮಾತ್ರ. ಹಳಬರಿಗೆ ನಷ್ಟವಾಗದಿರಬೇಕಾದರೆ ಆದಾಯ 120 ಕೋಟಿ ಮುಟ್ಟಬೇಕು. ಲಾಭವಾಗಬೇಕಾದರೆ ಅದನ್ನು ಮೀರಬೇಕು. ಹೊಸ ಸದಸ್ಯ ಒಟ್ಟು ವಹಿವಾಟಿಗೆ ಏನು ಸೇರಿಸುತ್ತಾನೆ ಎಂಬುದಕ್ಕಿಂತ, ಹಳೆಯ ಸದಸ್ಯನ ಪಾಲಿಗೆ ಏನು ಸೇರಿಸುತ್ತಾನೆ ಎಂಬುದೇ ಮುಖ್ಯ.

ಅಮೆರಿಕದ ಒಕ್ಕೂಟಗಳು ಈ ಅಂತರವನ್ನು ತುಂಬಲು ಕಂಡುಕೊಂಡ ಉಪಾಯ 'ಕಿರುಪಾಲು'. ಹೊಸಬರು ಕೆಲವು ವರ್ಷ ಅರ್ಧ ಪಾಲಿಗೆ ಒಪ್ಪಿದರೆ, ಮೇಲಿನ ಉದಾಹರಣೆಯಲ್ಲಿ ಅವರಿಬ್ಬರಿಗೆ ತಲಾ 5 ಕೋಟಿ ಹೋಗಿ ಹಳಬರಿಗೆ ಮೊದಲಿನ 10 ಕೋಟಿಯೇ ಉಳಿಯುತ್ತದೆ. 2011ರಲ್ಲಿ ಬಿಗ್ ಟೆನ್ ಸೇರಿದ ನೆಬ್ರಾಸ್ಕ, 2014ರಲ್ಲಿ ಸೇರಿದ ಮೇರಿಲ್ಯಾಂಡ್ ಮತ್ತು ರಟ್ಗರ್ಸ್ ಹಲವು ವರ್ಷ ಕಾದ ನಂತರವೇ ಪೂರ್ಣ ಪಾಲು ಪಡೆದವು. ಈ ಒಪ್ಪಂದಗಳಲ್ಲಿ ಅತಿ ಕಠಿಣವಾದುದು 2024ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟ ಸೇರಿದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ್ದು: ಒಂಬತ್ತು ವರ್ಷ ಪ್ರಸಾರ ಹಣದಲ್ಲಿ ಪಾಲೇ ಬೇಡವೆಂದು ಅದು ಒಪ್ಪಿಕೊಂಡಿತು. 1996ರಲ್ಲಿ ಸೌತ್‌ವೆಸ್ಟ್ ಒಕ್ಕೂಟ ಮುಚ್ಚಿದಾಗ ಹೊರಗುಳಿದ ಸಂಸ್ಥೆಗಳಲ್ಲಿ ಅದೂ ಒಂದು. ದೊಡ್ಡವರ ಪಂಕ್ತಿಗೆ ಮರಳಲು ಅದಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು.

ರಟ್ಗರ್ಸ್ ಸೇರ್ಪಡೆಯಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಆ ತಂಡದ ಆಟಕ್ಕಿಂತ ಅದರ ನೆರೆಯಲ್ಲಿರುವ ನ್ಯೂಯಾರ್ಕ್ ಮಹಾನಗರಕ್ಕೆ ಬೆಲೆ ಕಟ್ಟಲಾಗಿತ್ತು. ಬಿಗ್ ಟೆನ್ 2007ರಲ್ಲಿ ಫಾಕ್ಸ್ ಸಂಸ್ಥೆಯ ಪಾಲುದಾರಿಕೆಯಲ್ಲಿ ತನ್ನದೇ ವಾಹಿನಿಯನ್ನು ಆರಂಭಿಸಿತ್ತು. ಸದಸ್ಯ ಸಂಸ್ಥೆಯಿರುವ ಪ್ರದೇಶದ ಕೇಬಲ್ ಚಂದಾದಾರರಿಂದ ಬರುವ ಮಾಸಿಕ ಶುಲ್ಕ, ಹೊರಗಿನ ಪ್ರದೇಶದ್ದಕ್ಕಿಂತ ಬಹಳ ಹೆಚ್ಚು. ಪಂದ್ಯ ನೋಡದ ಮನೆಯೂ ಚಂದಾ ಕಟ್ಟುತ್ತಿದ್ದುದರಿಂದ ಲೆಕ್ಕ ಹೊಂದುತ್ತಿತ್ತು. ಮುಂದೆ ಜನ ಕೇಬಲ್ ಸಂಪರ್ಕವನ್ನೇ ಬಿಡತೊಡಗಿದಾಗ ಮಾನದಂಡ ಬದಲಾಯಿತು. ಊರಿನಲ್ಲಿ ಎಷ್ಟು ಮನೆಗಳಿವೆ ಎಂಬುದಕ್ಕಿಂತ ನಿಜವಾಗಿ ಎಷ್ಟು ಜನ ಪಂದ್ಯ ನೋಡುತ್ತಾರೆ ಎಂಬುದು ಮುಖ್ಯವಾಯಿತು. ಒಂದು ಕಾಲದ ಮಾರಾಟ ಪದ್ಧತಿಯನ್ನು ನಂಬಿ ಸೇರಿಸಿಕೊಂಡ ಸದಸ್ಯರು, ಆ ಪದ್ಧತಿ ಹೋದ ಮೇಲೂ ಸದಸ್ಯರಾಗಿಯೇ ಉಳಿಯುತ್ತಾರೆ.

ಬೀಗವೂ ಬೀಗದ ಕೈಯೂ

ಸೇರಿಸಿಕೊಳ್ಳುವುದು ಒಂದು ಮುಖ. ಹೋಗದಂತೆ ಹಿಡಿದಿಡುವುದು ಇನ್ನೊಂದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯವು 1953ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟವನ್ನು ಸ್ಥಾಪಿಸಿದವರಲ್ಲಿ ಒಂದು. 2012ರ ಸೆಪ್ಟೆಂಬರ್‌ನಲ್ಲಿ ಆ ಒಕ್ಕೂಟವು ನಿರ್ಗಮನ ಶುಲ್ಕವನ್ನು 5 ಕೋಟಿ ಡಾಲರಿಗಿಂತ ಮೇಲಕ್ಕೆ ಏರಿಸಿತು. ಎರಡೇ ತಿಂಗಳಲ್ಲಿ, ಕ್ರೀಡಾ ವಿಭಾಗದ ಹಣದ ಮುಗ್ಗಟ್ಟಿನಲ್ಲಿದ್ದ ಮೇರಿಲ್ಯಾಂಡ್ ಹೊರಡುವುದಾಗಿ ಪ್ರಕಟಿಸಿತು. ವ್ಯಾಜ್ಯ ನಡೆದು 2014ರಲ್ಲಿ ಸುಮಾರು 3.14 ಕೋಟಿ ಡಾಲರಿಗೆ ರಾಜಿಯಾಯಿತು. ದಂಡವಷ್ಟೇ ಸದಸ್ಯರನ್ನು ಹಿಡಿದಿಡಲಾರದೆಂಬುದು ಸ್ಪಷ್ಟವಾಯಿತು.

ಆಗ ಆ ಒಕ್ಕೂಟ ಬಳಸಿದ ಸಾಧನ ಹಕ್ಕು ವಹಿಸುವ ಕರಾರು. 2013ರಲ್ಲಿ ಸದಸ್ಯರೆಲ್ಲರೂ ತಮ್ಮ ಮೈದಾನದ ಪಂದ್ಯಗಳ ಪ್ರಸಾರ ಹಕ್ಕನ್ನು ಒಕ್ಕೂಟಕ್ಕೆ ಬರೆದುಕೊಟ್ಟರು. ಯಾರಾದರೂ ಹೊರಟರೂ ಹಕ್ಕು ಒಕ್ಕೂಟದಲ್ಲೇ ಉಳಿಯುತ್ತದೆ. ಸರಕಿಲ್ಲದೆ ಬಂದವನನ್ನು ಬೇರೆ ಒಕ್ಕೂಟ ಏಕೆ ಸೇರಿಸಿಕೊಂಡೀತು? ಬಳಿಕ ಈ ಕರಾರಿನ ಅವಧಿಯನ್ನು 2036ರವರೆಗೆ ವಿಸ್ತರಿಸಲಾಯಿತು. ಆದರೆ ಬೇರೆ ಒಕ್ಕೂಟಗಳ ಆದಾಯ ನೆಗೆಯತೊಡಗಿದಾಗ ದೀರ್ಘಾವಧಿಯ ಕರಾರೇ ಸದಸ್ಯರಿಗೆ ಸಂಕೋಲೆಯೆನಿಸಿತು. ಹೊರಹೋಗಬೇಕಾದರೆ ತನಗೆ 57.2 ಕೋಟಿ ಡಾಲರ್ ಹೊರೆ ಬೀಳುವುದೆಂದು ಲೆಕ್ಕ ತೋರಿಸಿ ಫ್ಲಾರಿಡ ಸ್ಟೇಟ್ 2023ರ ಡಿಸೆಂಬರ್‌ನಲ್ಲಿ ದಾವೆ ಹೂಡಿತು. 2024ರ ಮಾರ್ಚ್‌ನಲ್ಲಿ ಕ್ಲೆಮ್ಸನ್ ಅದನ್ನು ಹಿಂಬಾಲಿಸಿತು. 2025ರ ಮಾರ್ಚ್‌ನಲ್ಲಿ ರಾಜಿ ಏರ್ಪಟ್ಟು, ಆದಾಯದ ಒಂದಂಶವನ್ನು ವೀಕ್ಷಕರ ಸಂಖ್ಯೆಗೆ ಅನುಗುಣವಾಗಿ ಹಂಚಲು ಒಪ್ಪಲಾಯಿತು. 2026ರಲ್ಲಿ 16.5 ಕೋಟಿ ಡಾಲರ್ ಇರುವ ನಿರ್ಗಮನ ಶುಲ್ಕ ವರ್ಷವರ್ಷವೂ ಇಳಿದು 7.5 ಕೋಟಿಯಲ್ಲಿ ನಿಲ್ಲಬೇಕೆಂದೂ ನಿಗದಿಯಾಯಿತು. ಸಮಪಾಲಿನ ತತ್ತ್ವವನ್ನು ಸ್ವಲ್ಪ ಸಡಿಲಿಸಿ ಒಕ್ಕೂಟವನ್ನು ಉಳಿಸಿಕೊಂಡದ್ದಾಯಿತು.

ಪ್ಯಾಕ್-12 ಎಡವಿದ್ದೆಲ್ಲಿ?

ಈಗ ಮೊದಲು ಹೇಳಿದ ಕಥೆಗೆ ಹಿಂದಿರುಗೋಣ. 2021ರ ಜುಲೈನಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮ ವಿಶ್ವವಿದ್ಯಾಲಯಗಳು ಬಿಗ್ 12 ಒಕ್ಕೂಟವನ್ನು ತೊರೆದು ಸೌತ್‌ಈಸ್ಟರ್ನ್ ಸೇರುವುದಾಗಿ ಪ್ರಕಟಿಸಿದವು. ಅಳಿದುಳಿದ ಎಂಟು ಸದಸ್ಯರೊಡನೆ ಬಿಗ್ 12 ನಡುನೀರಿನಲ್ಲಿತ್ತು. ಆ ಸಂಸ್ಥೆಗಳಲ್ಲಿ ಕೆಲವನ್ನು ತನ್ನೊಳಗೆ ಸೇರಿಸಿಕೊಳ್ಳುವ ಅವಕಾಶ ಪ್ಯಾಕ್-12ಕ್ಕೆ ಇತ್ತು. ಆದರೆ ಆಗಸ್ಟ್ ತಿಂಗಳಲ್ಲಿ ಅದು ತನಗೆ ವಿಸ್ತರಣೆ ಬೇಡವೆಂದು ಪ್ರಕಟಿಸಿತು. ಅದೇ ವಾರ ಬಿಗ್ ಟೆನ್ ಮತ್ತು ಅಟ್ಲಾಂಟಿಕ್ ಕೋಸ್ಟ್ ಒಕ್ಕೂಟಗಳೊಡನೆ ಒಂದು 'ಮೈತ್ರಿ'ಯನ್ನು ಸಾರಿತು. ಆ ಮೈತ್ರಿಗೆ ಸಹಿ ಮಾಡಿದ ಕರಾರು ಇರಲಿಲ್ಲ. ಪರಸ್ಪರ ವಿಶ್ವಾಸವೇ ಆಧಾರ ಎನ್ನಲಾಯಿತು. ಹತ್ತು ತಿಂಗಳ ನಂತರ, 2022ರ ಜೂನ್ 30ರಂದು, ಮಿತ್ರನಾದ ಬಿಗ್ ಟೆನ್ ಪ್ಯಾಕ್-12ರ ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಒಕ್ಕೂಟದ ಅತಿ ದೊಡ್ಡ ಮಾರುಕಟ್ಟೆ ಕೈತಪ್ಪಿತು.

ನಡುನೀರಿನಲ್ಲಿದ್ದ ಬಿಗ್ 12 ಮಾತ್ರ ಕೈಕಟ್ಟಿ ಕೂರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲೇ ನಾಲ್ಕು ಹೊಸ ಸದಸ್ಯರನ್ನು ಆಹ್ವಾನಿಸಿತು. ಸರದಿಯ ಪ್ರಕಾರ ಪ್ಯಾಕ್-12ರ ಪ್ರಸಾರ ಕರಾರು ಮೊದಲು, ಅಂದರೆ 2024ರಲ್ಲಿ, ಮುಗಿಯುವುದಿತ್ತು. ಆದರೆ ಬಿಗ್ 12 ತನ್ನ ಕರಾರು ಇನ್ನೂ ಚಾಲ್ತಿಯಲ್ಲಿದ್ದಾಗಲೇ ಖರೀದಿದಾರರೊಡನೆ ಮಾತುಕತೆಗೆ ಕುಳಿತು, 2022ರ ಅಕ್ಟೋಬರ್‌ನಲ್ಲಿ ಆರು ವರ್ಷಕ್ಕೆ ಸುಮಾರು 228 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಪ್ಯಾಕ್-12ರ ಸರದಿ ಬರುವ ವೇಳೆಗೆ ಪೇಟೆಯಲ್ಲಿ ಹಣವೂ ಕಡಿಮೆ, ಕೊಳ್ಳುವವರೂ ಕಡಿಮೆ. 2023ರ ಆಗಸ್ಟ್‌ನಲ್ಲಿ ಅದರ ಮುಂದಿದ್ದುದು ಆ್ಯಪಲ್ ಸಂಸ್ಥೆಯ ಅಂತರ್ಜಾಲ ಪ್ರಸಾರದ ಪ್ರಸ್ತಾವ. ಅದರಲ್ಲಿ ಆದಾಯದ ಏರಿಕೆ ಚಂದಾದಾರರ ಸಂಖ್ಯೆಯನ್ನು ಅವಲಂಬಿಸಿತ್ತು. ಖಚಿತ ಹಣ ಬೇರೆಡೆ ಕಾಣುತ್ತಿದ್ದಾಗ ಸದಸ್ಯರು ಅನಿಶ್ಚಿತವಾದುದಕ್ಕೆ ಒಪ್ಪಲಿಲ್ಲ. ಹಕ್ಕು ವಹಿಸಿದ ಕರಾರೂ 2024ಕ್ಕೇ ಮುಗಿಯುತ್ತಿದ್ದುದರಿಂದ ಬಾಗಿಲಿಗೆ ಬೀಗವಿರಲಿಲ್ಲ. ಆರೆಗಾನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಬಿಗ್ ಟೆನ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲಿಗೆ ಒಪ್ಪಿ ಹೊರಟವೆಂದು ವರದಿಯಾಯಿತು. ಹೊರಗಿನ ಅರ್ಧ ಪಾಲು ಮನೆಯ ಪೂರ್ಣ ಪಾಲಿಗಿಂತ ಭದ್ರವೆಂದು ಕಂಡಿತು.

ಉಳಿದವರ ಪಾಡು

ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಹೀಗೆ ಹೊರಗುಳಿದದ್ದು ಇದು ಎರಡನೆಯ ಬಾರಿ. 1959ರಲ್ಲಿ ಹಳೆಯ ಒಕ್ಕೂಟ ಒಡೆದಾಗಲೂ ಅವನ್ನು ಬಿಟ್ಟು ಹೊಸತನ್ನು ಕಟ್ಟಲಾಗಿತ್ತು. ವಾಷಿಂಗ್ಟನ್ ಸ್ಟೇಟ್‌ಗೆ 1962ರಲ್ಲಿ, ಆರೆಗಾನ್ ಸ್ಟೇಟ್‌ಗೆ 1964ರಲ್ಲಿ ಮತ್ತೆ ಪ್ರವೇಶ ದೊರಕಿತು. ಈ ಬಾರಿ ಅವರು ನ್ಯಾಯಾಲಯದ ಮೊರೆ ಹೋದರು. ಬಿಟ್ಟುಹೋಗುವವರಿಗೆ ಒಕ್ಕೂಟದ ಆಡಳಿತ ಮಂಡಳಿಯಲ್ಲಿ ಮತವಿರಬಾರದೆಂಬ ಅವರ ವಾದವನ್ನು 2023ರ ನವೆಂಬರ್‌ನಲ್ಲಿ ನ್ಯಾಯಾಲಯ ಒಪ್ಪಿತು. ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅದನ್ನು ಮರುಪರಿಶೀಲಿಸಲು ನಿರಾಕರಿಸಿತು. ಒಕ್ಕೂಟದ ಹೆಸರು, ಆಸ್ತಿ, ಅಧಿಕಾರ ಇಬ್ಬರ ಕೈಯಲ್ಲಿ ಉಳಿದವು. 2024 ಮತ್ತು 2025ರ ಋತುಗಳನ್ನು ಅವರು ಇಬ್ಬರೇ ಸದಸ್ಯರ ಒಕ್ಕೂಟವಾಗಿ ಕಳೆದರು.

ಎನ್‌ಸಿಎಎಯ ಉನ್ನತ ಶ್ರೇಣಿಯ ಫುಟ್‌ಬಾಲ್ ಒಕ್ಕೂಟದಲ್ಲಿ ಎಂಟು ಸದಸ್ಯರಿರಬೇಕು. ಅದಕ್ಕಾಗಿ ಅವರು 2024ರಲ್ಲಿ ಮೌಂಟನ್ ವೆಸ್ಟ್‌ನಿಂದ ಐವರನ್ನು, 2025ರಲ್ಲಿ ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಆಹ್ವಾನಿಸಿದರು. ಹೊಸಬರ ಪ್ರವೇಶ 2026ರ ಜುಲೈ 1ಕ್ಕೆ ನಿಗದಿಯಾಯಿತು. ಸಂಕಟದ ಕಾಲದಲ್ಲಿ ಈ ಇಬ್ಬರಿಗೆ ಆಡಲು ಪಂದ್ಯಗಳನ್ನು ಕೊಟ್ಟದ್ದು ಮೌಂಟನ್ ವೆಸ್ಟ್. ಆ ಒಪ್ಪಂದದಲ್ಲಿ, ತನ್ನ ಸದಸ್ಯರನ್ನು ಸೆಳೆದುಕೊಂಡರೆ ಮೊದಲನೆಯವರಿಗೆ 1 ಕೋಟಿ ಡಾಲರ್, ಮುಂದಿನವರಿಗೆ ಇನ್ನೂ ಹೆಚ್ಚು ದಂಡ ಎಂಬ ಷರತ್ತಿತ್ತು, ಐವರಿಗೆ 5.5 ಕೋಟಿ ಡಾಲರ್ ಆಗುತ್ತದೆ. ಆ ಷರತ್ತು ಸಿಂಧುವಲ್ಲವೆಂದು ಪ್ಯಾಕ್-12 ನ್ಯಾಯಾಲಯಕ್ಕೆ ಹೋಯಿತು. ನಿನ್ನೆ ತನಗಾದುದನ್ನೇ ಇಂದು ಬೇರೊಬ್ಬರಿಗೆ ಮಾಡಬೇಕಾದ ಸ್ಥಿತಿ ಅದರದಾಯಿತು.

ಇನ್ನು ವಿಸ್ತರಣೆಯ ವೆಚ್ಚವನ್ನು ಹೊರುವವರು ಫುಟ್‌ಬಾಲ್ ಆಟಗಾರರು ಮಾತ್ರವಲ್ಲ. ನ್ಯೂ ಜೆರ್ಸಿಯಿಂದ ಲಾಸ್ ಏಂಜಲೀಸ್ ಸುಮಾರು 4,000 ಕಿ.ಮೀ. ದೂರ. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳು 2024ರಿಂದ ಅಟ್ಲಾಂಟಿಕ್ ತೀರದ ಹೆಸರು ಹೊತ್ತ ಒಕ್ಕೂಟದಲ್ಲಿವೆ, ಅದೂ ಕಿರುಪಾಲಿಗೆ. ಫುಟ್‌ಬಾಲ್ ತಂಡ ಋತುವಿನಲ್ಲಿ ಕೆಲವೇ ಬಾರಿ ದೂರ ಪ್ರಯಾಣ ಮಾಡುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಲಾಸ್ ಏಂಜಲೀಸ್‌ನ ಸರ್ಕಾರಿ ವಿಶ್ವವಿದ್ಯಾಲಯ ಬಿಗ್ ಟೆನ್‌ಗೆ ಹೋದದ್ದರಿಂದ ಅದೇ ಆಡಳಿತ ಮಂಡಳಿಗೆ ಸೇರಿದ ಬರ್ಕ್ಲಿಗೆ ನಷ್ಟವಾಯಿತೆಂದು, ಮೂರು ವರ್ಷ ವರ್ಷಕ್ಕೆ 1 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಮಂಡಳಿ 2024ರಲ್ಲಿ ತೀರ್ಮಾನಿಸಿತು. ಒಡೆದ ಮನೆಯ ಲೆಕ್ಕವನ್ನು ಹಿರಿಯರು ಕೂತು ಬಗೆಹರಿಸಿದಂತಿತ್ತು ಅದು.

ನಮ್ಮ ಸಂಘಗಳು ಗಮನಿಸಬೇಕಾದ ಅಂಶಗಳು

ಒಟ್ಟಾಗಿ ಕಚ್ಚಾ ಸಾಮಗ್ರಿ ಕೊಳ್ಳುವ, ಸಮಾನ ಸೌಲಭ್ಯ ಕೇಂದ್ರ ನಡೆಸುವ, ಒಂದೇ ಹೆಸರಿನಲ್ಲಿ ಸರಕು ಮಾರುವ ಸಂಘಗಳಿಗೆ ಈ ಅನುಭವದಿಂದ ಕೆಲವು ಪಾಠಗಳು ದೊರೆಯುತ್ತವೆ.

1. ಸದಸ್ಯತ್ವದ ಅರ್ಜಿ ಬಂದಾಗ ಒಟ್ಟು ವಹಿವಾಟು ಎಷ್ಟು ಹೆಚ್ಚುತ್ತದೆಂದು ನೋಡುವುದರ ಜೊತೆಗೆ, ಹಾಲಿ ಸದಸ್ಯನೊಬ್ಬನ ಪಾಲು ಎಷ್ಟು ಹೆಚ್ಚುತ್ತದೆಂಬ ಲೆಕ್ಕವನ್ನು ಬರೆದಿಡಬೇಕು.

2. ಹೊಸಬರಿಗೆ ಕಿರುಪಾಲು ಕೊಡುವುದಾದರೆ ಅದು ಎಷ್ಟು ವರ್ಷ, ಪೂರ್ಣ ಪಾಲು ಎಂದಿನಿಂದ ಎಂಬುದು ಮೊದಲೇ ಸ್ಪಷ್ಟವಾಗಿರಬೇಕು.

3. ಬಿಟ್ಟುಹೋಗುವ ನಿಯಮಗಳನ್ನು ಸಂಘ ಚೆನ್ನಾಗಿ ನಡೆಯುತ್ತಿರುವಾಗಲೇ ರಚಿಸಬೇಕು. ಬಿಟ್ಟುಹೋಗುವುದಾಗಿ ತಿಳಿಸಿದವರಿಗೆ ಮತವಿದೆಯೇ, ನಿಧಿಯಲ್ಲಿ ಹಕ್ಕಿದೆಯೇ ಎಂಬುದು ನಿಯಮಾವಳಿಯಲ್ಲಿರಲಿ.

4. ಮತ್ತೊಂದು ಸಂಘದೊಡನೆ ಮಾಡಿಕೊಳ್ಳುವ ಸೌಹಾರ್ದ ಒಪ್ಪಂದವೂ ಕಾಗದದ ಮೇಲಿರಲಿ. ಪ್ಯಾಕ್-12ರ ಬಾಯಿಮಾತಿನ ಮೈತ್ರಿ ಬಾಳಿದ್ದು ಹತ್ತು ತಿಂಗಳಿಗಿಂತ ತುಸುವೇ ಹೆಚ್ಚು ಕಾಲ.

5. ಖರೀದಿದಾರರೊಡನೆ ಇರುವ ಕರಾರು ಮುಗಿಯುವವರೆಗೆ ಕಾಯಬಾರದು. ಬಿಗ್ 12 ಬದುಕುಳಿದದ್ದಕ್ಕೆ ಅದು ಸರದಿಗಿಂತ ಮೊದಲೇ ಮಾತುಕತೆಗೆ ಕುಳಿತದ್ದು ಮುಖ್ಯ ಕಾರಣ.

ಇವೆಲ್ಲಕ್ಕಿಂತ ಮುಖ್ಯವಾದುದು ಸಣ್ಣ ಸದಸ್ಯರ ವಿಷಯ. ದೊಡ್ಡ ಸದಸ್ಯನಿಗೆ ಸಂಘ ಒಂದು ಅನುಕೂಲ ಮಾತ್ರ. ಅದು ಇಲ್ಲವಾದರೂ ಇನ್ನೊಂದು ಬಾಗಿಲು ಅವನಿಗೆ ತೆರೆದಿರುತ್ತದೆ. ಸಣ್ಣ ಸದಸ್ಯನಿಗೆ ಸಂಘದ ಹೆಸರೇ ಬಂಡವಾಳ. ಆದ್ದರಿಂದ ಸಂಘದ ನಿಯಮಾವಳಿಯನ್ನು ಅತ್ಯಂತ ಎಚ್ಚರಿಕೆಯಿಂದ ಓದಬೇಕಾದವನು, ವಾರ್ಷಿಕ ಸಭೆಗೆ ತಪ್ಪದೆ ಹಾಜರಾಗಬೇಕಾದವನು ಅವನೇ. ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್‌ಗಳಿಗೆ ಕೊನೆಗೆ ಆಸರೆಯಾದದ್ದು ಅವುಗಳ ಆಟವಲ್ಲ, ಒಕ್ಕೂಟದ ಉಪವಿಧಿಗಳಲ್ಲಿದ್ದ ಒಂದು ನಿಬಂಧನೆ.